ಬಾತಿಯ ಬೇಲಕ್ಕೊಂದು ತೊಟ್ಟು

ದಾವಣಗೆರೆ, ಹರಿಹರ ಹಾಗೂ ಇವೆರಡರ ನಡುವೆ ಬಸ್ಸು ನಿಂತರೂ ನಿಲ್ಲದಿದ್ದರೂ ಇದ್ದಲ್ಲೇ ಇರುವ ಬಾತಿ ಗ್ರಾಮದ ಸಮಸ್ತ ಮಹಾಜನರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ: ರಾಮನವಮಿಗೆ ಇನ್ನೂ ಎರಡು ವಾರ ಇರುವಾಗ, ಒಂದು ಮಂಗಳವಾರ, ಬೆಳಗಿನ ತಿಂಡಿಯ ಹೊತ್ತಿಗೆ, ಬಾತಿಯ ಒಂದು ಖಾಲಿ ಸೈಟಿನಲ್ಲಿ ಒಂದು ಬೇಲದ ಹಣ್ಣು ಮರದಿಂದ ಕೆಳಗೆ ಬಿದ್ದಿತು. ಯಾರ ತಲೆಯ ಮೇಲೂ ಬೀಳಲಿಲ್ಲ. ಹಣ್ಣಿಗೆ ಪೆಟ್ಟಾಗಲಿಲ್ಲ. ನೆಲಕ್ಕೂ ಪೆಟ್ಟಾಗಲಿಲ್ಲ. ಈ ಮಹತ್ತರ ಘಟನೆಗೆ ಸಾಕ್ಷಿಯಾಗಿದ್ದವರು ನಿವೃತ್ತ ಬಸ್ ಕಂಡಕ್ಟರ್ ಏಕಾಂತಪ್ಪನವರು ಮತ್ತು ಹೆಸರು ಹೇಳಲು ಇಚ್ಛಿಸದ ಒಂದು ಮೇಕೆ.

ಏಕಾಂತಪ್ಪ ಓಡಿಹೋಗಿ ಹಣ್ಣನ್ನು ಎತ್ತಿಕೊಂಡರು. ಒಂದು ಕೈ ಸಾಲಲಿಲ್ಲ. ಎರಡು ಕೈ ಹಾಕಿದರು. ಬೇಲದ ಹಣ್ಣೆಂದರೆ ಸಾಮಾನ್ಯವಾಗಿ ಕ್ರಿಕೆಟ್ ಚೆಂಡಿನಷ್ಟಿರುತ್ತದೆ. ಇದು ಆ ಚೆಂಡನ್ನು ಹೆತ್ತ ತಾಯಿಯಷ್ಟಿತ್ತು. ಮೈಗೆಲ್ಲ ವಿಭೂತಿ ಬಳಿದುಕೊಂಡಂಥ ಬಣ್ಣ. ಮೂಗಿಗೆ ಹಿಡಿದರೆ ಬೆಲ್ಲಕ್ಕೂ ಹುಣಸೆಗೂ ಲಗ್ನ ಮಾಡಿಸಿದಂಥ ವಾಸನೆ. ಆದರೂ ಏಕಾಂತಪ್ಪ ಬರೀ ಮೂಗಿನ ಮಾತು ನಂಬುವವರಲ್ಲ. ಹಣ್ಣನ್ನು ಮೊಣಕಾಲೆತ್ತರದಿಂದ ಒಂದು ಚಪ್ಪಡಿ ಕಲ್ಲಿನ ಮೇಲೆ ಬಿಟ್ಟು ನೋಡಿದರು. ಬೇಲ ಇನ್ನೂ ಕಾಯಿಯಾಗಿದ್ದರೆ ಟಣ್ಣನೆ ಪುಟಿಯುತ್ತದೆ; ಹಣ್ಣಾಗಿದ್ದರೆ ನಿವೃತ್ತ ನೌಕರನಂತೆ ಬಿದ್ದಲ್ಲೇ ಕೂರುತ್ತದೆ. ಇದು ಧೊಪ್ಪನೆ ಕೂತಿತು. ಏಕಾಂತಪ್ಪನವರಿಗೆ ಅದರ ಮೇಲೆ ಬಂಧುಪ್ರೇಮ ಉಕ್ಕಿತು.

"ಬಂತಲ್ಲವ್ವಾ ನನ್ನ ಸರ್ಟಿಫಿಕೇಟು!" ಎಂದು ಮರಕ್ಕೆ ಕೈ ಮುಗಿದರು. ಮೇಕೆ ಆ ಕಡೆ ಮುಖ ತಿರುಗಿಸಿತು.

ಸರ್ಟಿಫಿಕೇಟಿನ ಕತೆ ಇಷ್ಟು. ಬಾತಿಯಲ್ಲಿ ಏಕಾಂತಪ್ಪನವರ ತಾತನ ಕಾಲದ ಹೊಲವಿತ್ತು. ಹೊಲ ಅಣ್ಣತಮ್ಮಂದಿರ ನಡುವೆ ತುಂಡಾಯಿತು, ತುಂಡುಗಳು ಸೈಟಾದವು, ಒಂದು ಸೈಟು ಏಕಾಂತಪ್ಪನವರ ಪಾಲಿಗೆ ಬಂತು. ಹಳೆಯ ಬೇಲಿಯ ಸಾಲಿನಲ್ಲಿದ್ದ ಬೇಲದ ಮರವೂ ಅದರ ಜೊತೆಗೇ ಬಂತು. ಬೇಲಿ ಹೋಯಿತು, ಬೇಲ ಉಳಿಯಿತು. ಮಗಳು ಲತಾಳ ಮದುವೆಯಾದ ಮೇಲೆ ಅವರು ಆ ಸೈಟನ್ನು ಅವಳ ಹೆಸರಿಗೆ ದಾನಪತ್ರ ಮಾಡಿಕೊಟ್ಟರು. ಪತ್ರದಲ್ಲಿ ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಮೋರಿ, ಉತ್ತರಕ್ಕೆ ಇಂಥವರು, ದಕ್ಷಿಣಕ್ಕೆ ಇಂಥವರು ಎಂದು ನಾಲ್ಕು ದಿಕ್ಕನ್ನೂ ಬರೆಸಿದವರು, ನಡುವೆ ನಿಂತ ಮರವನ್ನು ಮಾತ್ರ ಮರೆತರು.

ಅಳಿಯ ಅಂಜನ್ ಕುಮಾರನದು ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಕನ್ನಡಕದ ಅಂಗಡಿ. ಊರಿನ ಎಷ್ಟೋ ಜನಕ್ಕೆ ದೂರದ್ದು ಕಾಣಿಸುವಂತೆ ಮಾಡಿದ ಪುಣ್ಯವಂತ. ಅವನಿಗೂ ದೂರದಲ್ಲಿ ಒಂದು ಕಾರು ಕಾಣಿಸಿತು. ಕಾರು ಬುಕ್ ಆಗಿತ್ತು, ಬಂದಿರಲಿಲ್ಲ. ಬಾರದ ಕಾರಿಗೆ ಮುಂಚಿತವಾಗಿ, ಆ ಸೈಟಿನಲ್ಲಿ ಕಟ್ಟಲಿರುವ ಹೊಸ ಮನೆಯಲ್ಲಿ ಪೋರ್ಚು ಬೇಕಾಯಿತು. ಪೋರ್ಚಿಗೆ ಕಂಬ ಬೇಕಾಯಿತು. ಕಂಬ ನಿಲ್ಲಬೇಕಾದ ಜಾಗದಲ್ಲಿ ಬೇಲದ ಮರ ಯಾರಿಗೂ ಹೇಳದೆ ಕೇಳದೆ ಮೊದಲೇ ನಿಂತುಬಿಟ್ಟಿತ್ತು.

"ಬೇಜಾರ್ ಮಾಡ್ಕೋಬ್ಯಾಡ್ರಿ ಮಾವಾರೆ," ಎಂದು ಅಂಜನ್ ಕುಮಾರ್ ನಕ್ಷೆ ಬಿಚ್ಚಿ ತೋರಿಸಿದ್ದ. "ಪ್ಲಾನಿನಾಗೆ ಮರ ಎಲ್ಲೂ ಇಲ್ಲ ನೋಡ್ರಿ."

"ಪ್ಲಾನಿನಾಗೆ ಇಲ್ಲ ಅಳಿಯಂದ್ರೇ, ನೆಲದಾಗೆ ಐತಲ್ಲ."

"ಅದೇ ಪ್ರಾಬ್ಲಮ್ಮು."

ಅಳಿಯ ಕೆಟ್ಟವನಲ್ಲ. ಮಾವನ ಎದುರಿಗೆ ಕಾಲ ಮೇಲೆ ಕಾಲು ಹಾಕಿ ಕೂತವನಲ್ಲ. ಏಕಾಂತಪ್ಪನವರ ಮುಖ ಬಾಡಿದ್ದನ್ನು ಕಂಡು ಅವನೇ ಒಂದು ದಾರಿ ತೋರಿಸಿದ.

"ನಾಳೆ ಗೃಹಪ್ರವೇಶಕ್ಕೆ ಬಂದೋರು, ‘ಯಾಕ್ರೀ, ಬಾಗ್ಲಿಗೇ ಮರ ಬಿಟ್ಟೀರಿ?’ ಅಂದ್ರೆ ನಾನೇನು ಹೇಳ್ಲಿ? ನಮ್ಮ ಮಾವ ಅತ್ರು ಅನ್ಲಾ? ಈ ಮರಕ್ಕೆ ಒಂದು ಬಹುಮಾನ ಬರ್ಲಿ. ಸೀಲು, ಸಹಿ ಇರೋ ಸರ್ಟಿಫಿಕೇಟು ಬರ್ಲಿ. ಫ್ರೇಮ್ ಹಾಕ್ಸಿ ಹಾಲಿನಾಗೆ ತೂಗು ಹಾಕ್ತೀನಿ, ಕಾರು ಬೀದ್ಯಾಗೆ ನಿಲ್ಲಿಸ್ತೀನಿ. ರಾಮನವಮಿ ಆದ ಮ್ಯಾಲೆ ಮೇಸ್ತ್ರಿ ಬರ್ತಾನೆ. ಅಷ್ಟ್ರೊಳಗೆ ತಗಂಬಂದ್ರೆ ಮರ ನಿಮ್ದು."

ಹೀಗೆ ಬೇಲಕ್ಕೆ ಷರತ್ತುಬದ್ಧ ಬೇಲು ಮಂಜೂರಾಯಿತು.

ಅದೃಷ್ಟಕ್ಕೆ, ಮಧ್ಯ ಕರ್ನಾಟಕ ನಾಟಿ ಹಣ್ಣು ಅಭಿಮಾನಿಗಳ ಸಂಘವೆಂಬುದೊಂದು ಆ ವರ್ಷವೇ ಹುಟ್ಟಿ, ಬರುವ ಭಾನುವಾರ ಪಿ.ಜೆ. ಬಡಾವಣೆಯ ಕಲ್ಯಾಣ ಮಂಟಪವೊಂದರಲ್ಲಿ ಹಣ್ಣಿನ ಪ್ರದರ್ಶನ ಹಾಗೂ ಸ್ಪರ್ಧೆ ಇಟ್ಟಿತ್ತು. ಅದರಲ್ಲಿ ಬೇಲಕ್ಕೇ ಬೇರೆ ವಿಭಾಗ. ಏಕಾಂತಪ್ಪ ಹೆಸರು ಬರೆಸಿ ಬಂದವರು ಅವತ್ತಿನಿಂದ ದಿನಾ ಬೆಳಗ್ಗೆ ಬಾತಿಗೆ ಬಸ್ಸು ಹತ್ತಿ, ಮರದ ಕೆಳಗೆ ಕೂತು, ಕಾಯಿ ಹಣ್ಣಾಗುವುದನ್ನು ಕಾಯುತ್ತಿದ್ದರು. ಆ ಮಂಗಳವಾರ ಕಾಯುವಿಕೆ ಹಣ್ಣಾಗಿತ್ತು.

ಹಣ್ಣನ್ನು ಟವೆಲಿನಲ್ಲಿ ಸುತ್ತಿ, ಎಳೆಗೂಸಿನಂತೆ ಎದೆಗವಚಿಕೊಂಡು ದಾವಣಗೆರೆಯ ವಿನೋಬನಗರದ ಮನೆಗೆ ತಂದರು. ಹೆಂಡತಿ ಕಮಲಕ್ಕ ಟವೆಲು ಬಿಡಿಸಿ ನೋಡಿ, ಮೂಸಿ, "ಬೆಲ್ಲ ಎಷ್ಟು ಹಾಕ್ಬೇಕೋ ಏನೋ ಇದಕ್ಕೆ," ಎಂದು ಪಾತ್ರೆ ಹುಡುಕಲು ಎದ್ದರು.

"ಮುಟ್ಟಬ್ಯಾಡ! ಇದು ತಿನ್ನೋ ಹಣ್ಣಲ್ಲ."

"ಮತ್ತೆ? ಇದಕ್ಕೂ ಟಿಕೇಟ್ ಹರೀತೀರೋ?"

"ಕಾಂಪಿಟೇಷನ್ನಿಗೆ. ನಿನ್ನ ಅಳಿಯ ಸರ್ಟಿಫಿಕೇಟ್ ಕೇಳ್ಯಾನಲ್ಲ."

"ನಿಮ್ಮವ್ವ ಆ ಮರ ಇಟ್ಕಂಡು ಒಂದು ಸಂಸಾರನೇ ತೂಗಿಸಿದ್ಲು. ಆಗ ಅದಕ್ಕೆ ಯಾರು ಸೀಲು ಒತ್ತಿದ್ರು?"

ಏಕಾಂತಪ್ಪ ಹಣ್ಣನ್ನು ಮತ್ತೆ ಟವೆಲಿನಲ್ಲಿ ಸುತ್ತಿದರು. ಅವರ ಅವ್ವ ಅಂಗಡಿಗೆ ಹೋದದ್ದಕ್ಕಿಂತ ಹೆಚ್ಚು ಸಲ ಆ ಮರದ ಬುಡಕ್ಕೆ ಹೋದವರು. ರಾಮನವಮಿಗೆ ಬೇಲದ ತಿರುಳು ಕಿವುಚಿ, ಬೆಲ್ಲ, ಏಲಕ್ಕಿ, ಚೂರು ಕಾಳುಮೆಣಸು ಹಾಕಿ ಪಾನಕ. ಒಂದು ಲೋಟ ಕುಡಿದರೆ ಬಿಸಿಲಿಗೇ ಸೆಕೆಯಾಗಬೇಕು. ಗಾಳಿಗೆ ಕಾಯಿ ಉದುರಿದರೆ ಹಸಿಮೆಣಸಿನಕಾಯಿ ಸೇರಿಸಿ ಚಟ್ನಿ. ಮಕ್ಕಳ ಹೊಟ್ಟೆ ಕೆಟ್ಟರೆ ಎಳೆಗಾಯಿ ತೇಯ್ದು ನೆಕ್ಕಿಸುವುದು. ಮುಖ ಹುಳ್ಳಗೆ ಮಾಡಿಕೊಂಡ ಮಗು ಅರ್ಧ ಆ ಮುಖದಿಂದಲೇ ಗುಣವಾಗುತ್ತಿತ್ತು. ತಿರುಳು ತೆಗೆದ ಓಡು ಒಣಗಿದರೆ ಕಲ್ಲಿನಷ್ಟು ಗಟ್ಟಿ: ಒಂದು ಅವ್ವನ ಕುಂಕುಮದ ಭರಣಿ, ಒಂದು ಅಪ್ಪನ ನಸ್ಯದ ಡಬ್ಬಿ, ಒಂದು ಅಡುಗೆಮನೆಯ ಉಪ್ಪಿಗೆ. ತೊಗಟೆಯಿಂದ ಒಸರುವ ಅಂಟು ಗಾಳಿಪಟಕ್ಕೆ, ಹರಿದ ಪಠ್ಯಪುಸ್ತಕಕ್ಕೆ. ತಾತನ ಕಾಲದಲ್ಲಿ ಬರೆಯುವ ಮಸಿ ಕಾಸುವವರೂ ಬಂದು ಇಸಿದುಕೊಂಡು ಹೋಗುತ್ತಿದ್ದರಂತೆ. ಮುರಿದು ಬಿದ್ದ ಕೊಂಬೆ ಗಾಡಿಯ ಗೂಟವಾಗುತ್ತಿತ್ತು. ಎಲೆಯನ್ನು ಹಿಚುಕಿ ಮೂಸಿದರೆ ಸೋಂಪಿನ ವಾಸನೆ; ಅದರಿಂದ ಏನು ಪ್ರಯೋಜನವೋ ಗೊತ್ತಿಲ್ಲ, ಆದರೆ ಮೂಸದೆ ಯಾರೂ ಮರ ದಾಟುತ್ತಿರಲಿಲ್ಲ.

ಇಷ್ಟೆಲ್ಲ ಕೊಡುವ ಮರದ ಬಗ್ಗೆ ಮನೆಯಲ್ಲಿ ಒಂದೇ ಒಂದು ಕಟ್ಟಳೆ. ಅದಕ್ಕೆ ಕೊಕ್ಕೆ ಹಾಕಬಾರದು, ಕಲ್ಲು ಬೀರಬಾರದು, ಹತ್ತಿ ಕೀಳಬಾರದು. "ಮರ ತಾನಾಗಿ ಕೊಟ್ಟಾಗ ಇಸ್ಕಳ್ಳಾದು. ಕೇಳಬಾರ್ದು," ಎನ್ನುತ್ತಿದ್ದರು ಅವ್ವ. ಇಡೀ ಸರ್ವಿಸಿನ ಉದ್ದಕ್ಕೂ ಪ್ರಯಾಣಿಕರ ಹತ್ತಿರ ಚಿಲ್ಲರೆ ಕೇಳುತ್ತಲೇ ಬದುಕಿದ ಏಕಾಂತಪ್ಪ, ಆ ಮರದ ಹತ್ತಿರ ಮಾತ್ರ ಯಾವತ್ತೂ ಏನೂ ಕೇಳಿರಲಿಲ್ಲ.

ಮಧ್ಯಾಹ್ನ ಹರಿಹರದಿಂದ ಮಸ್ತಾನಸಾಬ್ ಬಂದರು. ದಾವಣಗೆರೆ–ಹರಿಹರ ಬಸ್ಸಿನಲ್ಲಿ ಏಕಾಂತಪ್ಪ ಹಿಂದಿನಿಂದ ಸೀಟಿ ಊದುತ್ತಿದ್ದ ಕಾಲಕ್ಕೆ ಮುಂದೆ ಸ್ಟೇರಿಂಗ್ ಹಿಡಿದಿದ್ದವರು ಇವರೇ. ಒಬ್ಬರ ಮುಖ ಒಬ್ಬರಿಗೆ ಕಾಣದೆ ನಡೆದ ಸ್ನೇಹವಾದ್ದರಿಂದ ಗಟ್ಟಿಯಾಗಿ ಉಳಿದಿತ್ತು. ನಿವೃತ್ತರಾದ ಮೇಲೂ ಮಸ್ತಾನಸಾಬರು ಬಸ್ಸಿನಲ್ಲಿ ಡ್ರೈವರಿನ ಹಿಂದಿನ ಸೀಟಲ್ಲೇ ಕೂತು, ಕಾಲಿನಲ್ಲಿ ಇಲ್ಲದ ಬ್ರೇಕು ಒತ್ತುತ್ತಾ ಬರುವವರು. ದಾರಿಯಲ್ಲಿ ಪಿ.ಜೆ. ಬಡಾವಣೆಯಲ್ಲಿಳಿದು ಸಂಘದ ನಿಯಮಾವಳಿಯ ಹಾಳೆಯನ್ನೂ ತಂದಿದ್ದರು.

ಹಣ್ಣು ನೋಡಿ ಅವರು ಕಣ್ಣರಳಿಸಿದರು. "ಮಾಶಾಲ್ಲಾ! ಇದು ಹಣ್ಣೋ, ಲಾರಿ ಹಾರನ್ನೋ? ನಮ್ಮ ದಿಲ್ಷಾದ್ ಬೇಗಂ ಇದನ್ನ ನೋಡಿದ್ರೆ ಮುಂದಿನ ರಂಜಾನ್ ತನಕ ಶರಬತ್ತಿಗೆ ಸಾಕು ಅಂತಾಳೆ. ಕಂಡಕ್ಟ್ರೇ, ಫಸ್ಟ್ ಪ್ರೈಜು ನಿಮ್ದೇ. ರೈಟ್ ರೈಟ್!"

"ಮೊದ್ಲು ರೂಲ್ಸ್ ಓದು ಸಾಬಣ್ಣ."

ಮಸ್ತಾನಸಾಬ್ ಹಾಳೆಯನ್ನು ಕೈ ಚಾಚುವಷ್ಟು ದೂರ ಹಿಡಿದು ಓದಿದರು. "ಒಂದು, ಹಣ್ಣು ನಾಟಿ ತಳಿಯದಾಗಿರಬೇಕು. ಪಕ್ಕಾ. ಎರಡು, ಬಣ್ಣ, ಎಣ್ಣೆ ಬಳಿದಿರಬಾರದು. ಬಳಿದಿಲ್ಲ. ಮೂರು, ಸ್ಪರ್ಧೆಗೆ ಇಡುವ ಹಣ್ಣು ಪೂರ್ಣ ಮಾಗಿರಬೇಕು ಮತ್ತು ತೊಟ್ಟು ಸಹಿತ..." ಅಲ್ಲಿಗೆ ಬ್ರೇಕು ಬಿತ್ತು.

ಏಕಾಂತಪ್ಪ ಹಣ್ಣನ್ನು ತಿರುಗಿಸಿ ನೋಡಿದರು. ತೊಟ್ಟು ಇರಬೇಕಾದ ಜಾಗದಲ್ಲಿ ದುಂಡನೆಯ ಒಂದು ಗುಳಿ ಇತ್ತು.

"ತೊಟ್ಟು ಎಲ್ಲಿ ಹೋತು?" ಎಂದರು ಮಸ್ತಾನಸಾಬ್.

"ಹಣ್ಣಾದ ಮ್ಯಾಲೆ ಬೇಲ ತೊಟ್ಟು ಹಿಡ್ಕಂಡು ಕೂಡ್ತೈತಾ? ಬಿಟ್ಟೇ ಬೀಳಾದು."

ಒಳಗಿನಿಂದ ಕಮಲಕ್ಕನ ದನಿ ಬಂತು. "ಪಣ ತೊಟ್ಟೋರು ನೀವು. ನಿಮ್ಮ ಹಣ್ಣಿಗೇ ತೊಟ್ಟಿಲ್ಲ!"

ಮಸ್ತಾನಸಾಬ್ ಚಹಾ ಕುಡಿಯುತ್ತಾ ಲೆಕ್ಕ ಹಾಕಿದರು. "ಅದರಾಗೇನೈತೆ? ಕೊಕ್ಕೆ ತಗಂಡು ಹೋಗಾನ. ತೊಟ್ಟು ಸಮೇತ ಒಂದು ಕೀಳಾನ."

"ಬ್ಯಾಡ."

"ಅಲ್ಲೋ ಮಾರಾಯ, ಮರಾನೇ ಉಳಿಸಾಕೆ ಒಂದು ಹಣ್ಣು ಕೀಳಾಕೆ ಆಗಲ್ವಾ?"

"ಅವ್ವ ಬ್ಯಾಡ ಅಂದಾಳೆ."

"ಅವ್ವ ಹೋಗಿ ಎಷ್ಟು ವರ್ಷ ಆತು?"

"ಅವ್ವ ಹೋದ್ಲು. ಬ್ಯಾಡ ಅಂದಿದ್ದು ಹೋಗಿಲ್ಲ."

ಮಸ್ತಾನಸಾಬ್ ಕೊಕ್ಕೆಯ ಮಾತನ್ನು ಅಲ್ಲಿಗೇ ಬಿಟ್ಟರು. ಬಸ್ಸಿನಲ್ಲೂ ಹೀಗೇ ಆಗುತ್ತಿತ್ತು: ಏಕಾಂತಪ್ಪ ಸೀಟಿ ಊದುವವರೆಗೆ ಗಾಡಿ ಮುಂದೆ ಹೋಗುತ್ತಿರಲಿಲ್ಲ. ಚಹಾ ಮುಗಿಸಿ, ಲೋಟ ಕೆಳಗಿಟ್ಟು, ಹಣ್ಣಿನ ಗುಳಿಯ ಮೇಲೆ ಹೆಬ್ಬೆರಳು ಆಡಿಸಿದರು.

"ನಿಮ್ಮವ್ವ ಕೀಳಬ್ಯಾಡ ಅಂದ್ಲು, ಸೈ. ಅಂಟಿಸಬ್ಯಾಡ ಅಂದಿದ್ಲಾ?"

ಏಕಾಂತಪ್ಪ ಹಳೆಯದನ್ನೆಲ್ಲ ಕೆದಕಿ ನೋಡಿದರು. ಅವ್ವ ಅಂಥ ಮಾತು ಹೇಳಿದ ನೆನಪಿರಲಿಲ್ಲ.

ಸಂಜೆಯೊಳಗೆ ಇಬ್ಬರೂ ಬಾತಿಯಲ್ಲಿದ್ದರು. ಮರದ ಬುಡದ ತರಗೆಲೆ ಕೆದಕಿದರೆ ತೊಟ್ಟುಗಳಿಗೆ ಬರವಿರಲಿಲ್ಲ. ಗುಳಿಗೆ ಸರಿಹೊಂದುವ ಒಂದನ್ನು, ಹುಡುಗಿಗೆ ಬಳೆ ತೊಡಿಸಿ ನೋಡುವಂತೆ, ಒಂದೊಂದಾಗಿ ಇಟ್ಟು ನೋಡಿ ಆರಿಸಿದರು. ಕಾಂಡದ ಬಿರುಕಿನಲ್ಲಿ ಜೇನುಬಣ್ಣದ ಅಂಟು ಮಣಿಮಣಿಯಾಗಿ ಗಟ್ಟಿಯಾಗಿ ನಿಂತಿತ್ತು. ಅದನ್ನು ಕಿತ್ತು ತಂದು, ತೆಂಗಿನ ಚಿಪ್ಪಿನಲ್ಲಿ ನೀರು ಹಾಕಿ ನೆನೆಸಿದರು. ಮರುದಿನ ಮಸ್ತಾನಸಾಬ್ ಮತ್ತೆ ಬರುವ ಹೊತ್ತಿಗೆ ಅದು ಪಾಕದಂತೆ ಎಳೆ ಬರುತ್ತಿತ್ತು.

ಕಡ್ಡಿಯಿಂದ ಅಂಟು ಬಳಿಯುವಾಗ ಏಕಾಂತಪ್ಪನವರ ಕೈ ನಿಂತಿತು. "ಸಾಬಣ್ಣ, ಇದು ಮೋಸ ಅಲ್ವಾ?"

"ಎಂಥ ಮೋಸ? ಹಣ್ಣು ಯಾರ್ದು?"

"ಮರದ್ದು."

"ತೊಟ್ಟು?"

"ಮರದ್ದು."

"ಅಂಟು?"

"ಅದೂ ಮರದ್ದೇ."

"ಎಲ್ಲಾ ಒಂದೇ ಮನೆಯೋರು. ನಡುವೆ ಸ್ವಲ್ಪ ಮುನಿಸಾಗಿ ಬಿಟ್ಟಿದ್ರು, ನಾವು ರಾಜಿ ಮಾಡಿಸಿದ್ವಿ. ಅದೂ ಹೋಗ್ಲಿ, ನಿನ್ನ ಬಾಯಾಗೆ ಐತಲ್ಲ, ಆ ಹಲ್ಲಿನ ಸೆಟ್ಟು ಹುಟ್ಟುತ್ತಾ ತಂದಿದ್ದಾ? ಅದನ್ನ ಹಾಕ್ಕಂಡು ಲತಾ ಮದುವ್ಯಾಗೆ ಫೋಟೋಕ್ಕೆ ನಗಲಿಲ್ವಾ ನೀನು?"

ಏಕಾಂತಪ್ಪ ಕಟ್ಟಿಸಿದ ಹಲ್ಲು ತೋರಿಸಿ ನಕ್ಕರು, ತೊಟ್ಟು ಅಂಟಿಸಿದರು. ಮಸ್ತಾನಸಾಬ್ ಹಣ್ಣಿನ ಸುತ್ತ ನೂಲು ಹಾಕಿ ಬಿಗಿಯಾಗಿ ಕಟ್ಟಿ, ಭಾನುವಾರದ ತನಕ ಬಿಚ್ಚಕೂಡದೆಂದು ಅಪ್ಪಣೆ ಮಾಡಿ ಹರಿಹರಕ್ಕೆ ಹೋದರು. ಆ ಮೂರು ದಿನ ವಿನೋಬನಗರದ ಆ ಮನೆಯಲ್ಲಿ ಹಣ್ಣು ದೇವರ ಗೂಡಿನ ಪಕ್ಕ ಬ್ಯಾಂಡೇಜು ಸುತ್ತಿಕೊಂಡು ಕೂತಿತ್ತು. ಬಂದವರೆಲ್ಲ ಅದರ ವಾಸನೆಗೆ ಮೂಗರಳಿಸಿ, "ಪಾನಕ ಮಾಡೀರಾ ಕಮಲಕ್ಕಾ?" ಎಂದು ಕೇಳಿದರು. "ಇಲ್ಲ ಕಣವ್ವ, ಹಣ್ಣಿಗೆ ಆಪರೇಷನ್ ಆಗೈತೆ. ರೆಸ್ಟಿನಾಗೈತೆ," ಎಂದರು ಕಮಲಕ್ಕ.

ಲತಾ ಶನಿವಾರ ಬಂದವಳು ತೊಟ್ಟನ್ನು ಬೆರಳಲ್ಲಿ ಮುಟ್ಟಿ ನೋಡಿ, "ಅಪ್ಪಾಜಿ, ಕಂಡುಹಿಡಿದ್ರೆ?" ಅಂದಳು.

"ಅಲ್ಲಾಡಿಸಿ ನೋಡು."

ಅಲ್ಲಾಡಿಸಿದಳು. ತೊಟ್ಟು ಅಲುಗಲಿಲ್ಲ.

"ಮರ ಉಳೀತೈತೇನಪ್ಪಾಜಿ?" ಎಂದಳು ಮೆಲ್ಲಗೆ. ಅವಳು ಶಾಲೆಗೆ ಹೋಗುವಾಗಿನ ಕಂಪಾಸ್ ಪೆಟ್ಟಿಗೆಯಲ್ಲ, ಅದಕ್ಕೂ ಮುಂಚಿನ ಬಳಪ ಇಡುವ ಡಬ್ಬಿ ಆ ಮರದ ಹಣ್ಣಿನ ಓಡೇ ಆಗಿತ್ತು. ಗಂಡನೆದುರು ಅದನ್ನು ಅವಳು ಹೇಳಿರಲಿಲ್ಲ. ಕಾರಿನ ಬಣ್ಣ ಆರಿಸಿದವಳೂ ಅವಳೇ ಆಗಿದ್ದಳು.

"ಈ ಅಂಟು ಉಳಿದ್ರೆ ಮರ ಉಳೀತೈತೆ," ಎಂದರು ಏಕಾಂತಪ್ಪ.

ಭಾನುವಾರ ಕಲ್ಯಾಣ ಮಂಟಪದಲ್ಲಿ ಮದುವೆಗಿಂತ ಜೋರು ಗದ್ದಲ. ಊಟದ ಟೇಬಲ್ಲುಗಳ ಮೇಲೆ ಪೇಪರು ಹಾಸಿ ಹಣ್ಣುಗಳನ್ನು ಕೂರಿಸಿದ್ದರು. ಬಾರೆ ಹಣ್ಣು, ನೆಲ್ಲಿ, ಹುಣಸೆಯ ವಿಭಾಗಗಳನ್ನು ದಾಟಿದರೆ, ವರನ ಕಡೆಯವರು ಕೂರುವ ಸಾಲಿನಲ್ಲಿ ಬೇಲ. ಸ್ಪರ್ಧಿಗಳೇನೂ ಬಹಳವಿರಲಿಲ್ಲ. ಏಕಾಂತಪ್ಪನವರ ಪಕ್ಕದ ತಟ್ಟೆ ಬಕ್ಕೇಶಪ್ಪ ಎಂಬ ರೈತರದು. ಅವರ ಬೇಲ ನಿಂಬೆಹಣ್ಣಿಗೆ ಅಣ್ಣನಂತಿತ್ತು, ಅಷ್ಟೆ. ತೊಟ್ಟು ಮಾತ್ರ ಇತ್ತು. ಅದು ಬಿದ್ದುಹೋದೀತೆಂದು ಆ ಮನುಷ್ಯ ತಟ್ಟೆಯ ಹತ್ತಿರ ಉಸಿರು ಬಿಗಿಹಿಡಿದು ನಿಂತಿದ್ದರು.

ಏಕಾಂತಪ್ಪನವರ ನೂಲು ಬಿಚ್ಚಿದ ಹಣ್ಣಿನ ಮುಂದೆ ಜನ ನಿಂತು ಫೋಟೋ ತೆಗೆಸಿಕೊಂಡರು. ಅಂಜನ್ ಕುಮಾರ್ ಅಂಗಡಿಗೆ ಬೀಗ ಹಾಕಿ ಬಂದವನು ತಾನೂ ಒಂದು ತೆಗೆಸಿಕೊಂಡ. "ಮಾವಾರೆ, ಇದು ನಮ್ಮ ಸೈಟಿಂದಾ?" ಎಂದು ಎರಡು ಸಲ ಕೇಳಿದ. ನಮ್ಮ ಸೈಟು ಎನ್ನುವಾಗ ಅವನ ದನಿಯಲ್ಲಿ ಹೊಸದೊಂದು ಹೆಮ್ಮೆ ಇತ್ತು. ಗೋಡೆಯ ಯಾವ ಜಾಗಕ್ಕೆ ಫ್ರೇಮು ಹಾಕಿದರೆ ಬಾಗಿಲಿನಿಂದಲೇ ಕಾಣುತ್ತದೆ ಎಂದು ಲತಾಳ ಜೊತೆ ಚರ್ಚೆಯನ್ನೂ ಶುರುಮಾಡಿದ. ಏಕಾಂತಪ್ಪ ಮಸ್ತಾನಸಾಬರ ಕೈ ಹಿಸುಕಿದರು.

ತೀರ್ಪುಗಾರರು ಶೋಭಾರಾಣಿ ಎಂಬ ಕಾಲೇಜು ಮೇಡಂ, ಸಸ್ಯಶಾಸ್ತ್ರದವರು. ಕೈಯಲ್ಲಿ ಪ್ಯಾಡು, ಪೆನ್ನು, ನಿಯಮಾವಳಿ. ನಗುಮುಖದವರು, ಆದರೆ ನಗುವನ್ನೂ ನಿಯಮಾವಳಿ ನೋಡಿಕೊಂಡೇ ನಗುವಂತಿದ್ದರು. ಮೊದಲು ಬಕ್ಕೇಶಪ್ಪನವರ ತಟ್ಟೆಯ ಹತ್ತಿರ ನಿಂತರು. ಹಣ್ಣನ್ನು ತೂಗಿದರು, ಮೂಸಿದರು. ಆಮೇಲೆ ಎರಡು ಬೆರಳಲ್ಲಿ ತೊಟ್ಟನ್ನು ಹಿಡಿದು ಮೆಲ್ಲಗೆ ಎತ್ತಿದರು. ತೊಟ್ಟು ಪಟಕ್ಕನೆ ಕಳಚಿ ಕೈಗೆ ಬಂತು, ಹಣ್ಣು ತಟ್ಟೆಯಲ್ಲೇ ಉಳಿಯಿತು.

"ಹೋತು!" ಎಂದು ಮಸ್ತಾನಸಾಬ್ ಏಕಾಂತಪ್ಪನವರ ಕಿವಿಯಲ್ಲಿ ಪಿಸುಗುಟ್ಟಿದರು. "ಪಾಪ, ಟೈರ್ ಪಂಕ್ಚರ್!"

ಶೋಭಾರಾಣಿ ಏನನ್ನೋ ಬರೆದುಕೊಂಡು ಏಕಾಂತಪ್ಪನವರ ಹಣ್ಣಿನ ಹತ್ತಿರ ಬಂದರು. ತಕ್ಕಡಿಯ ಮುಳ್ಳು ಕಂಡು ಹುಬ್ಬೇರಿಸಿದರು. ಮೂಸುವ ಅಗತ್ಯವೇ ಬೀಳಲಿಲ್ಲ. ವಾಸನೆ ತಾನೇ ಎದ್ದು ಬಂದು ಅವರನ್ನು ಮಾತಾಡಿಸಿತು. "ಅದ್ಭುತ," ಎಂದರು. ಆಮೇಲೆ ಎರಡು ಬೆರಳಲ್ಲಿ ತೊಟ್ಟನ್ನು ಹಿಡಿದರು.

ಏಕಾಂತಪ್ಪ ಕಣ್ಣು ಮುಚ್ಚಿದರು. ಒಂದು ಕಣ್ಣು ತೆರೆದು ನೋಡಿದಾಗ ಹಣ್ಣು ಗಾಳಿಯಲ್ಲಿ ತೂಗುತ್ತಿತ್ತು. ಮೇಡಂ ಇನ್ನೂ ಮೇಲೆತ್ತಿದರು. ತೊಟ್ಟು ಬಿಡಲಿಲ್ಲ. ಒಮ್ಮೆ ಅಲುಗಿಸಿದರು. ಬಿಡಲಿಲ್ಲ. ಸುತ್ತ ನಿಂತವರು ಚಪ್ಪಾಳೆ ಹೊಡೆದರು. ಬೇಲದ ಅಂಟಿನ ಕೀರ್ತಿ ಅವತ್ತು ಮಂಟಪದ ಛಾವಣಿ ಮುಟ್ಟಿತು. ಏಕಾಂತಪ್ಪನವರ ಹಲ್ಲಿನ ಸೆಟ್ಟು ಪೂರ್ತಿ ಹೊರಗೆ ಕಾಣಿಸಿತು.

ಶೋಭಾರಾಣಿ ಹಣ್ಣನ್ನು ಜೋಪಾನವಾಗಿ ಕೆಳಗಿಟ್ಟು, "ಸಾರಿ ಸರ್," ಎಂದರು. "ಇದು ಕಾಯಿ."

"ಏನಂದ್ರಿ?"

"ಇನ್ನೂ ಹಣ್ಣಾಗಿಲ್ಲ, ಕಾಯಿ. ಸ್ಪರ್ಧೆ ಹಣ್ಣಿನದು."

"ಕಾಯೇನ್ರಿ ಮೇಡಂ! ವಾಸನೆ ಬರಂಗಿಲ್ವಾ ನಿಮಗೆ?"

"ಗೇಟಲ್ಲೇ ಬಂತು ಸರ್. ಆದ್ರೆ ನೋಡಿ." ಅವರು ನಿಯಮಾವಳಿಯ ಹಾಳೆಯನ್ನು ಮಗುಚಿದರು. ಹಿಂಬದಿಯಲ್ಲಿ, ಮಸ್ತಾನಸಾಬ್ ತಿರುಗಿಸಿಯೇ ನೋಡದಿದ್ದ ಕಡೆ, ಸಣ್ಣ ಅಕ್ಷರದಲ್ಲಿ ವಿವರಣೆಯಿತ್ತು. ಮೇಡಂ ಗಟ್ಟಿಯಾಗಿ ಓದಿದರು: "‘ಬೇಲದ ವಿಭಾಗದಲ್ಲಿ, ತೊಟ್ಟು ಹಿಡಿದು ಎತ್ತಿದಾಗ ತೊಟ್ಟಿನಿಂದ ಸುಲಭವಾಗಿ ಕಳಚಿಕೊಳ್ಳುವುದನ್ನು ಮಾತ್ರ ಮಾಗಿದ ಹಣ್ಣೆಂದು, ಕಳಚಿಕೊಳ್ಳದೇ ಇರುವುದನ್ನು ಕಾಯಿ ಎಂದು ಪರಿಗಣಿಸತಕ್ಕದ್ದು.’ ಬೇಲ ಹಣ್ಣಾದ್ರೆ ತೊಟ್ಟು ಬಿಡುತ್ತಲ್ವಾ ಸರ್. ನಿಮಗೆ ಗೊತ್ತಿರೋದೇ."

ಗೊತ್ತಿರುವುದೇ. ಬಕ್ಕೇಶಪ್ಪ ತಮ್ಮ ತಟ್ಟೆಯ ಹತ್ತಿರ ಬಿಗಿಹಿಡಿದಿದ್ದ ಉಸಿರನ್ನು ಸಾವಕಾಶವಾಗಿ ಬಿಟ್ಟರು.

"ಕೆಳಗೆ ಹಾಕಿ ನೋಡ್ರಿ ಮೇಡಂ," ಎಂದರು ಏಕಾಂತಪ್ಪ. "ಕಾಯಾದ್ರೆ ಪುಟೀಬೇಕು. ಪುಟಿದ್ರೆ ನಾನು ಸುಮ್ನೆ ಮನಿಗೆ ಹೋಗ್ತೀನಿ."

ಶೋಭಾರಾಣಿ ನ್ಯಾಯವಂತರು. ಹಣ್ಣನ್ನು ಮೊಣಕಾಲೆತ್ತರದಿಂದ ಮಂಟಪದ ಕಲ್ಲುನೆಲಕ್ಕೆ ಬಿಟ್ಟರು. ಅದು ಧೊಪ್ಪನೆ ಬಿದ್ದಲ್ಲೇ ಕೂತಿತು. ಮೇಲೆ ತೊಟ್ಟು, ಮೊದಲ ಬೆಂಚಿನ ಹುಡುಗ ಕೈ ಎತ್ತಿದಂತೆ, ನೆಟ್ಟಗೆ ನಿಂತೇ ಇತ್ತು.

"ವಾಸನೆ ಹಣ್ಣಿಂದು, ಸದ್ದು ಹಣ್ಣಿಂದು," ಎಂದು ಮೇಡಂ ತಲೆ ಕೆರೆದುಕೊಂಡರು, "ತೊಟ್ಟು ಮಾತ್ರ ಕಾಯಿದು. ಹೀಗೆ ನಾನು ನೋಡೇ ಇಲ್ಲ."

ಮಸ್ತಾನಸಾಬ್ ಮಂಟಪದ ಫ್ಯಾನು ನೋಡತೊಡಗಿದರು. "ನೂಲು ಅಷ್ಟು ಬಿಗೀಬಾರ್ದಿತ್ತು," ಎಂದು ಅವರ ಬಾಯಿಂದ ಸಣ್ಣಗೆ ಹೊರಬಿತ್ತು.

ಏಕಾಂತಪ್ಪ ಅಳಿಯನ ಮುಖ ನೋಡಿದರು. ಅಂಜನ್ ಕುಮಾರ್ ಗೋಡೆಯ ಅಳತೆಗೆ ಅಗಲಿಸಿ ಹಿಡಿದಿದ್ದ ಕೈಗಳನ್ನು ಇನ್ನೂ ಇಳಿಸಿರಲಿಲ್ಲ. ಅವ್ವನ ಮರದ ಹಣ್ಣನ್ನು ನಾಲ್ಕು ಜನರ ನಡುವೆ ಕಾಯಿ ಎನ್ನಿಸಿಕೊಂಡು ಹೋಗುವುದಕ್ಕೆ ಏಕಾಂತಪ್ಪನವರ ಮನಸ್ಸು ಒಪ್ಪಲಿಲ್ಲ. ಮುಂದೆ ಬಂದು ಹೇಳಿದರು:

"ಮೇಡಂ, ಅದು ಹಣ್ಣೇ. ತೊಟ್ಟು ಬಿಟ್ಟೇ ಬಿದ್ದಿತ್ತು. ನಾವೇ ಅಂಟ್ಸಿದ್ವಿ. ಅದೇ ಮರದ ಅಂಟು. ಬೇರೆ ಏನೂ ಹಾಕಿಲ್ಲ, ನಿಮ್ಮಾಣೆ."

ಶೋಭಾರಾಣಿ ಬಗ್ಗಿ ತೊಟ್ಟಿನ ಬುಡವನ್ನು ಉಗುರಿನಿಂದ ಕೆರೆದು ನೋಡಿದರು. ಅವರ ಮುಖ ಅರಳಿತು. "ಅಯ್ಯೋ, ಮೊದಲೇ ಹೇಳೋದಲ್ವಾ! ಹಾಗಾದ್ರೆ ಇದು ಹಣ್ಣೇ ಸರ್. ಪೂರ್ಣ ಮಾಗಿದೆ." ಪ್ಯಾಡಿನಲ್ಲಿ ಕಾಯಿ ಎಂಬುದನ್ನು ಹೊಡೆದುಹಾಕಿ ಹಣ್ಣು ಎಂದು ಬರೆದರು.

ಲತಾ ಅಪ್ಪನ ತೋಳು ಹಿಡಿದುಕೊಂಡಳು. ಮಸ್ತಾನಸಾಬ್ ಫ್ಯಾನಿನಿಂದ ಕೆಳಗಿಳಿದರು.

"ಆದ್ರೆ ತೊಟ್ಟಿಲ್ಲದ ಹಣ್ಣು," ಎಂದು ಮೇಡಂ ಅದೇ ಸಾಲಿನಲ್ಲಿ ಮುಂದುವರಿಸಿದರು. "ನಿಯಮ ಮೂರರ ಪ್ರಕಾರ ಸ್ಪರ್ಧೆಗೆ ಅರ್ಹವಲ್ಲ. ತುಂಬಾ ಸಾರಿ ಸರ್."

"ಹಣ್ಣಾದ್ರೆ ತೊಟ್ಟಿಲ್ಲ ಅಂತೀರಿ, ತೊಟ್ಟಿದ್ರೆ ಹಣ್ಣಲ್ಲ ಅಂತೀರಿ!" ಎಂದು ಮಸ್ತಾನಸಾಬ್ ಕೂಗಿದರು. "ಗಾಡಿ ಹೋಗ್ಬೇಕೋ ನಿಲ್ಬೇಕೋ, ಒಂದು ಹೇಳ್ರಿ!"

"ಬಕ್ಕೇಶಪ್ಪನವರದು ಎರಡೂ ಇತ್ತಲ್ಲ ಸರ್," ಎಂದರು ಮೇಡಂ. ಮಸ್ತಾನಸಾಬ್ ರಿವರ್ಸ್ ಗೇರ್ ಹಾಕಿ ಹಿಂದಿನ ಸಾಲಿಗೆ ಸರಿದರು.

ಮೊದಲ ಬಹುಮಾನ ನಿಂಬೆಹಣ್ಣಿನ ಅಣ್ಣನಿಗೆ ಹೋಯಿತು. ಅನರ್ಹಗೊಂಡ ಹಣ್ಣನ್ನು ಏನು ಮಾಡುವುದೆಂದು ಯಾರಿಗೂ ತೋಚದೆ ಇದ್ದಾಗ, ಅದುವರೆಗೆ ಒಂದು ಕುರ್ಚಿಯಲ್ಲಿ ಸುಮ್ಮನೆ ಕೂತಿದ್ದ ಕಮಲಕ್ಕ ಎದ್ದು ಬಂದರು. ಹಣ್ಣನ್ನು ಮಂಟಪದ ಮೆಟ್ಟಿಲಿಗೆ ಕುಕ್ಕಿ ಒಡೆದರು. ಓಡು ಎರಡಾಯಿತು, ತೊಟ್ಟು ಒಂದು ಹೋಳಿಗೆ ಅಂಟಿಕೊಂಡೇ ಇತ್ತು. ಕಂದು ತಿರುಳು, ಒಳಗೆಲ್ಲ ಬೀಜ, ಮೂಗಿಗೆ ಹೊಡೆಯುವ ಘಮ. ಬ್ಯಾಗಿನಿಂದ ಬೆಲ್ಲದ ಪೊಟ್ಟಣ ತೆಗೆದು ಉದುರಿಸಿ, ಕಲೆಸಿ, ಬಾಳೆಎಲೆಯ ತುಣುಕಿನ ಮೇಲೆ ಎಲ್ಲರಿಗೂ ಹಂಚಿದರು. ಬಕ್ಕೇಶಪ್ಪ ಎರಡು ಸಲ ಇಸಿದುಕೊಂಡರು. ಏಕಾಂತಪ್ಪನವರ ಕೈಗೂ ಒಂದು ತುತ್ತು ಬಂತು. ಅವರು ಅದನ್ನು ಬಾಯಿಗಿಡದೆ ಹಿಡಿದುಕೊಂಡೇ ನಿಂತರು.

ಅಂಜನ್ ಕುಮಾರ್ ಬೆರಳು ನೆಕ್ಕುತ್ತಾ, ಇನ್ನೊಂದು ಕೈಯಲ್ಲಿ ಫೋನು ಹಿಡಿದು ಸ್ವಲ್ಪ ಆಚೆ ಹೋದ. "ಹಾಂ ಮೇಸ್ತ್ರಿ... ಹಬ್ಬ ಆದ ಮ್ಯಾಲೇ, ಮೊದ್ಲು ಹೇಳಿದಂಗೇ. ಮರ ಕೊಯ್ಯೋರನ್ನೂ ಕರ್ಕಂಬರ್ರಿ." ಫೋನು ಇಟ್ಟು ಮಾವನ ಕಡೆ ತಿರುಗಿ, ಮನಸಾರೆ ಹೇಳಿದ: "ಹಣ್ಣು ಮಾತ್ರ ಭಾಳ ಚಲೋ ಐತಿ ಮಾವಾರೆ."

ಶೋಭಾರಾಣಿ ಮೇಡಂ ತಮ್ಮ ಎಲೆಯನ್ನು ಪೂರ್ತಿ ಖಾಲಿ ಮಾಡಿದರು. ಇಂಥ ಬೇಲ ತಾವು ಜನ್ಮದಲ್ಲೇ ತಿಂದಿಲ್ಲವೆಂದು ಸಂಘದ ಪದಾಧಿಕಾರಿಗಳೆದುರು ಸಾರಿದರು. ಕರ್ಚೀಫಿನಲ್ಲಿ ಕೈ ಒರೆಸಿಕೊಂಡು, ಏನಾದರೂ ದಾರಿ ಇದ್ದೀತೇ ಎಂದು ನಿಯಮಾವಳಿಯನ್ನು ಈ ಬದಿ ಒಮ್ಮೆ, ಆ ಬದಿ ಒಮ್ಮೆ, ನಿಜವಾಗಿಯೂ ಕಳಕಳಿಯಿಂದ ಓದಿ ನೋಡಿದರು. ರುಚಿಯ ಬಗ್ಗೆ ಅದರಲ್ಲಿ ಏನೂ ಬರೆದಿರಲಿಲ್ಲ.